ತಪ್ಪು ಅಪ್‌ಡೇಟ್ ಆದಮೇಲೆ ಡೇಟಾಬೇಸನ್ನು ಅದರ ಹಿಂದಿನ ನಿಮಿಷಕ್ಕೆ ತರಬಹುದಾ?

ನಿಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಭಾನುವಾರ ರಾತ್ರಿಯ ಬ್ಯಾಕಪ್ ಇದೆ, ಬುಧವಾರ ಮಧ್ಯಾಹ್ನ ಒಂದು ಟೇಬಲ್ ಪೂರ್ತಿ ಕೆಟ್ಟಿದೆ. ಮೂರು ದಿನದ ಎಂಟ್ರಿ ಕಳೆದುಕೊಳ್ಳದೆ, ಕೆಡುವುದಕ್ಕೆ ಮುಂಚಿನ ನಿಮಿಷಕ್ಕೆ ಹೋಗಬಹುದಾ ಎಂದು ಕೇಳಿದ್ದೀರಿ.

ಹೋಗಬಹುದು. ಆದರೆ ಆ ಬ್ಯಾಕಪ್ ಪಿಜಿ ಬೇಸ್‌ಬ್ಯಾಕಪ್‌ನಂಥ ಟೂಲ್‌ನಿಂದ, ಡೇಟಾ ಫೈಲ್‌ಗಳನ್ನೇ ಇದ್ದಂತೆ ನಕಲು ತೆಗೆದದ್ದಾಗಿರಬೇಕು. ಪಿಜಿ ಡಂಪ್ ಫೈಲ್ ಆದರೆ ಅದರ ಮೇಲೆ ಲಾಗ್ (ಪ್ರತಿ ಬದಲಾವಣೆಯೂ ದಾಖಲಾಗುವ ವಾಲ್ ಫೈಲ್‌ಗಳು) ಓಡಿಸಲು ಬರುವುದಿಲ್ಲ. ಜೊತೆಗೆ ಭಾನುವಾರದಿಂದ ಬುಧವಾರದವರೆಗಿನ ವಾಲ್ ಫೈಲ್‌ಗಳು ಒಂದೂ ಬಿಡದೆ ಇರಬೇಕು. ನಡುವೆ ಒಂದು ಇಲ್ಲದಿದ್ದರೂ ಅದರಿಂದ ಮುಂದೆ ಹೋಗಲು ಆಗುವುದಿಲ್ಲ.

ದಯವಿಟ್ಟು ಓಡುತ್ತಿರುವ ಡೇಟಾಬೇಸ್ ಮೇಲೆ ಏನನ್ನೂ ರಿಸ್ಟೋರ್ ಮಾಡಬೇಡಿ. ಬೇರೆ ಮಷೀನಿನಲ್ಲಿ ಮಾಡಿ. ಒಂದೊಂದು ವಾಲ್ ಫೈಲ್ ಸಾಮಾನ್ಯವಾಗಿ 16 ಎಂಬಿ. ಸಾಮಾನ್ಯವಾಗಿ ಅದು ತುಂಬುವವರೆಗೆ ಆರ್ಕೈವ್‌ಗೆ (ವಾಲ್ ಫೈಲ್‌ಗಳ ನಕಲು ಕೂಡಿಡುವ ಜಾಗಕ್ಕೆ) ಹೋಗುವುದಿಲ್ಲ. ನಿಮಗೆ ಬೇಕಾದ ಕೊನೆಯ ತುಂಡು ಇನ್ನೂ ಹಳೆಯ ಸರ್ವರ್‌ನಲ್ಲೇ ಇರಬಹುದು. ಮೊದಲು ಅಲ್ಲಿ ಪಿಜಿ ಸ್ವಿಚ್ ವಾಲ್ (ಈಗಿನ ಫೈಲನ್ನು ಅಲ್ಲಿಗೇ ಮುಗಿಸುವ ಆದೇಶ) ಓಡಿಸಿ, ಆ ಫೈಲ್ ಆರ್ಕೈವ್‌ಗೆ ಬಂತಾ ಎಂದು ಕಣ್ಣಾರೆ ನೋಡಿ.

ನನಗೆ ಇದು ಆದದ್ದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಜನವರಿಯಲ್ಲಿ. ಲೋಡ್ ಮೇಲೆ ಲೋಡ್ ಬರುವ ಹೊತ್ತು. ಒಂದು ಲಾಟ್‌ನ ಔಟ್‌ಟರ್ನ್ (ಒಂದು ಚೀಲಕ್ಕೆ ಸಿಗುವ ಬೀಜದ ತೂಕ) ತಿದ್ದಲು ಹೋಗಿ, ವೇರ್ (ಯಾವ ಸಾಲು ಎಂಬ ಷರತ್ತು) ಇಲ್ಲದ ಅಪ್‌ಡೇಟ್ ಓಡಿಬಿಟ್ಟಿತು. ಎಲ್ಲರ ಲಾಟ್‌ಗೂ 50 ಕೆಜಿ ಚೀಲಕ್ಕೆ 39.5 ಕೆಜಿ ಎಂದೇ ಬಂತು. ತಿರುಳು ತೆಗೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟ್‌ಗೂ ಅದೇ, ಹಣ್ಣನ್ನೇ ಇಡಿಯಾಗಿ ಒಣಗಿಸಿದ ರೊಬಸ್ಟಾ ಚೆರ್ರಿಗೂ ಅದೇ. ಚೆರ್ರಿ ಚೀಲದಲ್ಲಿ ಅಷ್ಟು ಬೀಜ ಸಿಗುವುದೇ ಇಲ್ಲ, ಹಾಗಾಗಿ ಬಿಲ್ ಮಾಡುವವರು ಕೂಡಲೇ ಹಿಡಿದರು. ಬೆಳೆಗಾರರ ಇಡೀ ವರ್ಷದ ದುಡ್ಡು ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ನನ್ನ ಕೈಕಾಲು ತಣ್ಣಗಾಗಿತ್ತು.

ಸರಿಯಾದ ಅಂಕಿಯಿದ್ದ ಕೊನೆಯ ಚೀಟಿ ಪ್ರಿಂಟ್ ಆದದ್ದು 3:40ಕ್ಕೆ. ಅದನ್ನೇ ರಿಕವರಿ ಟಾರ್ಗೆಟ್ ಟೈಮ್‌ಗೆ (ಯಾವ ಹೊತ್ತಿನಲ್ಲಿ ನಿಲ್ಲಬೇಕೆಂಬ ಸೆಟ್ಟಿಂಗ್) 15:40 ಎಂದು ಹಾಕಿದೆ. ರಿಸ್ಟೋರ್ ಮುಗಿದಾಗ ನೋಡಿದರೆ ಮತ್ತೆ ಎಲ್ಲ ಕಡೆ 39.5! ಸರ್ವರ್ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿತ್ತು. ಅದರ 15:40 ಅಂದರೆ ನಮಗೆ ರಾತ್ರಿ 9:10. ತಪ್ಪು ಅಪ್‌ಡೇಟನ್ನೂ ದಾಟಿ ಹೋಗಿತ್ತು. ಲಾಗನ್ನು ಹಿಂದಕ್ಕೆ ಓಡಿಸಲು ಬರುವುದಿಲ್ಲ, ಅದಕ್ಕೆ ಬ್ಯಾಕಪ್‌ನಿಂದ ಮತ್ತೆ ಶುರು ಮಾಡಬೇಕಾಯಿತು. ನೀವು ಸಮಯ ಬರೆಯುವಾಗ ಕೊನೆಗೆ +05:30 ಸೇರಿಸಿಯೇ ಬರೆಯಿರಿ.

ಇದಕ್ಕಿಂತ ಖಚಿತವಾದ ದಾರಿ ಪಿಜಿ ವಾಲ್‌ಡಂಪ್. ಆ ಹೊತ್ತಿನ ವಾಲ್ ಫೈಲ್ ಓದಿಸಿದರೆ ಪ್ರತಿ ಕಮಿಟ್‌ನ (ಬದಲಾವಣೆ ಖಾಯಂ ಆದ) ಸಮಯ ಮತ್ತು ಟ್ರಾನ್ಸಾಕ್ಷನ್ ನಂಬರ್ ಕಾಣುತ್ತದೆ. ನಮ್ಮಲ್ಲಿ ಒಂದೇ ನಂಬರ್‌ನ ಕೆಳಗೆ ಸಾಲುಸಾಲಾಗಿ ಅಪ್‌ಡೇಟ್‌ಗಳಿದ್ದವು. ಬೇರೆಲ್ಲ ಎಂಟ್ರಿಗೆ ಒಂದೋ ಎರಡೋ ಸಾಲು ಅಷ್ಟೇ. ಆ ನಂಬರನ್ನೇ ಟಾರ್ಗೆಟ್ ಮಾಡಿ, ಇನ್‌ಕ್ಲೂಸಿವ್ (ಟಾರ್ಗೆಟನ್ನೂ ಸೇರಿಸು ಎಂಬ ಸೆಟ್ಟಿಂಗ್) ಆಫ್ ಮಾಡಿದೆ. ಸರಿಯಾಗಿ ಅದರ ಮುಂಚೆ ನಿಂತಿತು.

ಹಾಗೆ ನಿಂತಾಗ ಡೇಟಾಬೇಸ್ ಪಾಜ್‌ನಲ್ಲಿರುತ್ತದೆ, ಓದಲು ಮಾತ್ರ ಬರುತ್ತದೆ. ಅವಸರಪಟ್ಟು ಪ್ರೊಮೋಟ್ (ರಿಕವರಿ ಮುಗಿಸಿ ಬರೆಯಲೂ ಬರುವಂತೆ) ಮಾಡಬೇಡಿ. ಸ್ವಲ್ಪ ಹಿಂದೆಯೇ ನಿಂತಿದ್ದರೆ ಟಾರ್ಗೆಟ್ ಬದಲಿಸಿ ಮುಂದಕ್ಕೆ ಹೋಗಬಹುದು.

ಇನ್ನೊಂದು ಮಾತು. ತಪ್ಪಾದಮೇಲೂ ಲಾರಿಗಳು ಬರುತ್ತಲೇ ಇದ್ದವು, ಆ ತೂಕಗಳೆಲ್ಲ ಸರಿಯಾಗಿಯೇ ಇದ್ದವು. ಇಡೀ ಡೇಟಾಬೇಸನ್ನು ಹಿಂದಕ್ಕೆ ತಂದಿದ್ದರೆ ಅವೂ ಹೋಗುತ್ತಿದ್ದವು. ಅದಕ್ಕೆ ರಿಸ್ಟೋರ್ ಮಾಡಿದ ಕಡೆಯಿಂದ ಆ ಒಂದು ಟೇಬಲ್ ಮಾತ್ರ ಡಂಪ್ ತೆಗೆದು, ನಿಜವಾದ ಡೇಟಾಬೇಸ್‌ಗೆ ಬೇರೆ ಹೆಸರಿನಲ್ಲಿ ತಂದು, ಲಾಟ್ ನಂಬರ್ ಹೊಂದಿಸಿ ಔಟ್‌ಟರ್ನ್ ಕಾಲಂ ಒಂದನ್ನೇ ತುಂಬಿದೆ. ಬಿಗಿನ್ ಕೊಟ್ಟು (ಕಮಿಟ್ ಮಾಡುವವರೆಗೆ ಏನೂ ಖಾಯಂ ಆಗದಂತೆ), ಐದು ಚೀಟಿ ಪಕ್ಕದಲ್ಲಿಟ್ಟುಕೊಂಡು ಅಂಕಿ ತಾಳೆ ನೋಡಿ, ಆಮೇಲೆ ಕಮಿಟ್.

ನಿಮ್ಮ ಆವೃತ್ತಿ ಯಾವುದು ತಿಳಿಸಿ. 12ರಿಂದ ಈಚೆಗೆ ರಿಕವರಿ ಕಾನ್ಫ್ ಫೈಲ್ ಇಲ್ಲ. ಸೆಟ್ಟಿಂಗ್ಸ್ ಮುಖ್ಯ ಕಾನ್ಫಿಗ್‌ನಲ್ಲೇ ಬರೆದು, ರಿಕವರಿ ಸಿಗ್ನಲ್ ಎಂಬ ಖಾಲಿ ಫೈಲ್ ಇಡಬೇಕು. ಹಳೆಯದಾದರೆ ಅದಕ್ಕೆ ತಕ್ಕಂತೆ ಬರೆದು ಕೊಡುತ್ತೇನೆ.