ಪುಸ್ತಕದಾಗ 108, ಮಷೀನದಾಗ 168

ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಆದರೂ ಓದಿದ ಕೆಲವರಿಗೆ ಇದು ತಮ್ಮ ಮನೆಯದೇ ಕಥೆ ಅನ್ನಿಸಬಹುದು. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದು, ಸಕ್ಕರೆ ಕಾಯಿಲೆಯ ತಂದೆತಾಯಿ ಹಳ್ಳಿಯಲ್ಲಿ ಉಳಿದಿರುವ ಮನೆಗಳಲ್ಲಿ, ಮಷೀನು ತೋರಿಸಿದ ಸಕ್ಕರೆಯ ಅಂಕಿ ಒಂದು, ಪುಸ್ತಕದಲ್ಲಿ ಬರೆದದ್ದು ಇನ್ನೊಂದು ಆಗಿರುವುದು ಮತ್ತೆ ಮತ್ತೆ ಕಾಣುತ್ತಿದೆ. ಬರೆಯುತ್ತಿರುವುದೂ ಅದಕ್ಕೇ.

ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ತಾಯಿ, ಅರವತ್ತು ದಾಟಿದವರು. ಟೈಪ್ 2 ಮಧುಮೇಹ ಬಂದು ಎಂಟು ವರ್ಷ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಗುಳಿಗೆ. ಪುಣೆಯಲ್ಲಿರುವ ಮಗ ಗ್ಲುಕೋಮೀಟರ್, ಅಂದರೆ ಮನೆಯಲ್ಲೇ ರಕ್ತದ ಸಕ್ಕರೆ ನೋಡುವ ಮಷೀನು, ತಂದುಕೊಟ್ಟಿದ್ದ. ದಿನಾ ಮುಂಜಾನೆ ಏಳೂವರೆಗೆ ಅವನ ಫೋನು: “ಯವ್ವಾ, ಇವತ್ತ ಎಷ್ಟ ಬಂತು?”

ಅವರನ್ನು ವೈದ್ಯರು, ಸಕ್ಕರೆ ಕಾಯಿಲೆಯವರಿಗೆ ಸಲಹೆ ಕೊಡುವ ನನ್ನ ಬಳಿ ಕಳಿಸಿದ್ದು ಒಂದು ಲೆಕ್ಕ ಕೂಡದೆ ಇದ್ದದ್ದಕ್ಕೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ 9.1 ಬಂದಿತ್ತು, ಅಂದರೆ ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ಸುಮಾರು 214. ಅವರು ದಿನಾ ಅಂಕಿ ಬರೆದಿಡುವ ಪುಸ್ತಕದಲ್ಲಿ ಮಾತ್ರ ನಲವತ್ತು ದಿನದ ಅಂಕಿಗಳೆಲ್ಲ 102ರಿಂದ 118ರ ಒಳಗೇ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಸುಳ್ಳಾಗಿ ಏರುವುದುಂಟು, ಹಾಗಾಗಿ ವೈದ್ಯರು ಮೊದಲು ಅದನ್ನು ನೋಡಿದ್ದರು, ಅದೇನೂ ಇರಲಿಲ್ಲ. ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿದ್ದು ಊಟದ ನಂತರ ಏರುವವರೂ ಇದ್ದಾರೆ. ನಲವತ್ತು ದಿನ ಒಂದೇ ಸಾಲಿನಲ್ಲಿ ಕೂರುವ ಅಂಕಿ ಮಾತ್ರ ನಾನು ಯಾರಲ್ಲೂ ನೋಡಿಲ್ಲ. ಒಂದು ರಾತ್ರಿ ನಿದ್ದೆ ಕೆಟ್ಟರೂ, ಒಂದು ಮದುವೆ ಊಟವಾದರೂ ಅದು ಅಲ್ಲಾಡಲೇಬೇಕು.

ಎರಡನೇ ಭೇಟಿಗೆ ಪುಸ್ತಕದ ಜೊತೆ ಮಷೀನನ್ನೂ ತರಲು ಹೇಳಿದೆ. “ಇದರೊಳಗಿನ ಹಳೇ ಅಂಕಿ ನೋಡ್ಲೇನ್ರಿ ಅವ್ವಾರ?” ಎಂದು ಕೇಳಿ, ಅವರು ತಲೆಯಾಡಿಸಿದ ಮೇಲೆಯೇ ಮೆಮೊರಿ ಗುಂಡಿ ಒತ್ತಿದ್ದು. ಮೊದಲು ಗಡಿಯಾರ ಸರಿಯಿದೆಯೇ ಎಂದು ನೋಡಿದೆ. ಸೆಲ್ ಬದಲಿಸಿದಾಗ ದಿನಾಂಕ, ವೇಳೆ ಕೆಟ್ಟುಹೋಗುವ ಮಷೀನುಗಳಿವೆ. ಅದನ್ನು ಗಮನಿಸದೆ ಯಾರನ್ನೂ ಸುಳ್ಳುಗಾರರೆನ್ನಬಾರದು. ವೇಳೆ ಸರಿಯಿತ್ತು. ಹಿಂದಿನ ಸೋಮವಾರ 7:02ಕ್ಕೆ 168, 7:05ಕ್ಕೆ 151, 7:09ಕ್ಕೆ 174. ಪುಸ್ತಕದಲ್ಲಿ ಆ ದಿನ 108. ಇನ್ನೂ ಹಿಂದಕ್ಕೆ ಹೋದರೆ ಒಂದು ನಸುಕಿನ 3:10ಕ್ಕೆ 58.

ನಾನು ಏನೂ ಅನ್ನಲಿಲ್ಲ. ಅವರು ಸೆರಗಿನ ತುದಿ ಹಿಂಡುತ್ತ ಬಹಳ ಹೊತ್ತು ಕುಳಿತು, ಕೊನೆಗೆ ಹೇಳಿದರು: “ಖರೇ ನಂಬರ್ ಹೇಳಿದ್ರ ಬೈತಾನ್ರಿ ಬಾಯಾರ. ಸುಳ್ಳ ಹೇಳಿದ್ರ ಹತ್ತು ಮಿನಿಟ ಮಾತಾಡ್ತಾನ್ರಿ.”

ಅಂದಿನ ಉಳಿದ ಸಮಯವೆಲ್ಲ ಈ ಒಂದು ಮಾತಿನ ಸುತ್ತಲೇ ನಡೆಯಿತು. ಆ 58ರ ಗುಟ್ಟೂ ಅದರಲ್ಲೇ ಇತ್ತು. ಮರುದಿನ ಅಂಕಿ ಛಲೋ ಬರಲಿ ಎಂದು ವಾರದಲ್ಲಿ ಎರಡು ಮೂರು ರಾತ್ರಿ ಊಟ ಬಿಡುತ್ತಿದ್ದರು. “ಗುಳಗಿ ಮಾತ್ರ ತಪ್ಪಸಂಗಿಲ್ರಿ” ಎಂದು ಹೆಮ್ಮೆಯಿಂದಲೇ ಹೇಳಿದರು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುವ ಗುಳಿಗೆ. ಉಂಡಿದ್ದಾರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಊಟವಿಲ್ಲದ ರಾತ್ರಿ ಸಕ್ಕರೆ ಇಳಿದು, ಮೈ ಬೆವೆತು, ಕೈಕಾಲು ನಡುಗಿ ಎದ್ದಿದ್ದರು. ಒಂದು ಶೇಂಗಾ ಉಂಡಿ ತಿಂದು ಮತ್ತೆ ಮಲಗಿದ್ದರು. ಮನೆಯಲ್ಲಿ ಒಬ್ಬರೇ.

ಎಲ್ಲಕ್ಕಿಂತ ಮೊದಲು ಕೊಟ್ಟ ಸಲಹೆ ಇದರದ್ದೇ. ಈ ಗುಳಿಗೆ ತಗೊಳ್ಳುವವರು ಊಟ ಬಿಡಬಾರದು. ಏಕಾದಶಿ, ಶ್ರಾವಣ ಸೋಮವಾರದ ಉಪವಾಸ ಹಿಡಿಯುವುದಾದರೆ ಮೊದಲೇ ವೈದ್ಯರನ್ನು ಕೇಳಬೇಕು. ಅಂಕಿ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯುವುದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು, ಇನ್ನೂ ಏರದಿದ್ದರೆ ಇನ್ನೊಮ್ಮೆ ಅಷ್ಟೇ ಸಕ್ಕರೆ. ಏರಿದ ಮೇಲೆ ಅರ್ಧ ರೊಟ್ಟಿಯನ್ನಾದರೂ ತಿನ್ನುವುದು. ಶೇಂಗಾ ಉಂಡಿ, ಕರದಂಟು ಆ ಹೊತ್ತಿಗೆ ಬೇಡ. ಅವುಗಳ ಎಣ್ಣೆ, ತುಪ್ಪ ಸಕ್ಕರೆಯನ್ನು ರಕ್ತಕ್ಕೆ ತಡವಾಗಿ ಬಿಡುತ್ತವೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮೆಮೊರಿಯ ಅಂಕಿಗಳನ್ನು ವೈದ್ಯರಿಗೆ ತೋರಿಸಲು ತಾಯಿಯ ಒಪ್ಪಿಗೆ ಪಡೆದೆ. 9.1 ನೋಡಿ ವೈದ್ಯರೇನಾದರೂ ಗ್ಲಿಮೆಪಿರೈಡ್ ಹೆಚ್ಚಿಸಿದ್ದರೆ ಮುಂದಿನ ಉಪವಾಸದ ರಾತ್ರಿ ಏನಾಗುತ್ತಿತ್ತೋ! ವೈದ್ಯರು ರಾತ್ರಿಯ ಗುಳಿಗೆಯನ್ನೇ ಬದಲಿಸಿದರು. ಮಗನಿಗೆ ಮಾತ್ರ ನಾನು ಹೇಳಲಿಲ್ಲ. ‘ಮನೆಯವರಿಂದ ಮುಚ್ಚಿಡುವುದು ಸರಿಯೇ?’ ಎಂದು ನನ್ನನ್ನು ಕೇಳಿದವರಿದ್ದಾರೆ. ಸರಿ ಎಂದೇ ನಂಬಿದ್ದೇನೆ. ಔಷಧಿಯ ಪ್ರಮಾಣ ತೀರ್ಮಾನಿಸುವವರಿಗೆ ನಿಜ ಗೊತ್ತಿರಲೇಬೇಕು. ಉಳಿದವರಿಗೆ ಯಾವಾಗ, ಎಷ್ಟು ಹೇಳಬೇಕೆನ್ನುವುದು ಆ ತಾಯಿಗೆ ಬಿಟ್ಟದ್ದು. ನಾನೇ ಫೋನ್ ಮಾಡಿ ‘ನಿಮ್ಮ ತಾಯಿ ಸುಳ್ಳು ಬರೆದಿದ್ದಾರೆ’ ಅಂದಿದ್ದರೆ ಮರುದಿನದಿಂದ ಮಷೀನು ಕಪಾಟು ಸೇರುತ್ತಿತ್ತು.

ಅವರ ಎದುರಿಗೇ ಮಗನ ಜೊತೆ ಮಾತಾಡಿದೆ. ಕೇಳಿದ್ದು ಒಂದೇ: ಆರು ವಾರ ‘ಎಷ್ಟು ಬಂತು’ ಎಂದು ಕೇಳಬೇಡಿ, ಫೋನ್ ಮಾತ್ರ ದಿನಾ ಮಾಡಿ. ಅವನಿಗೆ ಸಿಟ್ಟು ಬಂತು. ಐನೂರು ಕಿಲೋಮೀಟರ್ ಆಚೆ ಇರುವ ನಾನು ಇನ್ನೇನು ಕೇಳಲಿ ಎಂದ. ಅವನ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಅಂಕಿಯನ್ನು ಪರೀಕ್ಷೆಯ ಮಾರ್ಕಿನಂತೆ ಕೇಳಿದರೆ ಹೇಳುವವರು ಪಾಸಾಗುವುದನ್ನೇ ಕಲಿಯುತ್ತಾರೆ. ಮುಂಜಾನೆಯ 168 ತಾಯಿಯ ತಪ್ಪೂ ಅಲ್ಲ. ರಾತ್ರಿಯೆಲ್ಲ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ, ಏನೂ ತಿನ್ನದವರಿಗೂ ಬೆಳಗ್ಗೆ ಏರಿರಬಹುದು.

ಮೂರು ನಿಮಿಷಕ್ಕೊಮ್ಮೆ ಚುಚ್ಚಿ ಕಡಿಮೆ ಬಂದದ್ದನ್ನು ಆರಿಸುವುದಕ್ಕೂ ಅರ್ಥವಿಲ್ಲ. ಒಳ್ಳೆಯ ಮಷೀನಿಗೂ ನೂರರ ಮೇಲಿನ ಅಂಕಿಯಲ್ಲಿ ಶೇಕಡಾ 15ರಷ್ಟು ಆಚೀಚೆ ಹೋಗಲು ಅವಕಾಶವಿದೆ. ನಿಜವಾದ ಅಂಕಿ 160 ಇದ್ದರೆ ಅದು 136ರಿಂದ 184ರವರೆಗೆ ಎಷ್ಟನ್ನಾದರೂ ತೋರಿಸಬಹುದು. 151, 168, 174 ಮೂರೂ ಒಂದೇ ಮಾತು ಹೇಳುತ್ತಿದ್ದವು.

ಆಮೇಲೆ ನೋಡುವ ಕ್ರಮವನ್ನೇ ಬದಲಿಸಿದೆವು. ದಿನಾ ಖಾಲಿ ಹೊಟ್ಟೆಯಲ್ಲಿ ನೋಡುವ ಬದಲು ವಾರಕ್ಕೆ ಮೂರು ದಿನ ಜೋಡಿ ಪರೀಕ್ಷೆ: ಒಂದು ಊಟದ ಮೊದಲು ಒಮ್ಮೆ, ಅದೇ ಊಟದ ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಮ್ಮೆ. ಕೈ ತೊಳೆದು ಎದ್ದ ಹೊತ್ತಿನಿಂದ ಎಣಿಸುವವರೇ ಹೆಚ್ಚು, ಅಲ್ಲೇ ಲೆಕ್ಕ ತಪ್ಪುತ್ತದೆ. ಮೊದಲ ವಾರ ನಾಷ್ಟಾ, ಎರಡನೇ ವಾರ ಮಧ್ಯಾಹ್ನ, ಮೂರನೇ ವಾರ ರಾತ್ರಿ. ಜೊತೆಗೆ ವಾರಕ್ಕೊಂದು ಖಾಲಿ ಹೊಟ್ಟೆಯದು. ವಾರಕ್ಕೆ ಒಟ್ಟು ಏಳು ಸ್ಟ್ರಿಪ್ (ರಕ್ತದ ಹನಿ ಹಾಕುವ ಪಟ್ಟಿ). ಮೊದಲಿಗಿಂತ ಖರ್ಚು ಹೆಚ್ಚಲಿಲ್ಲ. ಅಂಕಿಯ ಪಕ್ಕದಲ್ಲಿ ಏನು ಉಂಡದ್ದು ಎಂದು ಬರೆಯಲೇಬೇಕು. ಸಾಮಾನ್ಯ ಗುರಿ ಊಟಕ್ಕೆ ಮೊದಲು 80ರಿಂದ 130, ನಂತರ 180ರ ಒಳಗೆ. ವಯಸ್ಸಾದವರಿಗೆ, ಸಕ್ಕರೆ ಇಳಿಯುವ ಅಂಜಿಕೆ ಇರುವವರಿಗೆ ವೈದ್ಯರು ಸಡಿಲಿಸುತ್ತಾರೆ. ಇನ್ಸುಲಿನ್ ತಗೊಳ್ಳುವವರಿಗೆ ಈ ಏಳರ ಲೆಕ್ಕ ಸಾಲದು, ಅವರ ಕ್ರಮವೇ ಬೇರೆ.

ಚುಚ್ಚಿಕೊಳ್ಳುವುದನ್ನೂ ನನ್ನೆದುರು ಮಾಡಿಸಿದೆ. ಬೆರಳಿನ ನಟ್ಟನಡುವೆ ಚುಚ್ಚಿ ಗಟ್ಟಿಯಾಗಿ ಹಿಂಡುತ್ತಿದ್ದರು. ಹಿಂಡಿದರೆ ಮಾಂಸದ ನೀರು ರಕ್ತಕ್ಕೆ ಬೆರೆತು ಅಂಕಿ ಕೆಡುತ್ತದೆ. ಸಾಬೂನಿನಿಂದ ಕೈ ತೊಳೆದು, ಪೂರ್ತಿ ಒರೆಸಿ, ಕೈಯನ್ನು ಸ್ವಲ್ಪ ಹೊತ್ತು ಇಳಿಬಿಟ್ಟು, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿದರೆ ಹನಿ ತಾನೇ ಬರುತ್ತದೆ, ನೋವೂ ಕಡಿಮೆ. ಬೆಲ್ಲ ಮುಟ್ಟಿದ, ದ್ರಾಕ್ಷಿ ಬಿಡಿಸಿದ ಕೈಯನ್ನು ತೊಳೆಯದೆ ಚುಚ್ಚಿದರೆ ಅಂಕಿ ನೂರರಷ್ಟು ಏರಿದರೂ ಆಶ್ಚರ್ಯವಿಲ್ಲ. ಸ್ಟ್ರಿಪ್ ಡಬ್ಬಿಯನ್ನು ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದರು. ಬಹುತೇಕ ಸ್ಟ್ರಿಪ್‌ಗಳು 30 ಡಿಗ್ರಿಯ ಒಳಗಿರಬೇಕು, ನಮ್ಮ ಕಡೆ ಬೇಸಿಗೆ 40 ದಾಟುತ್ತದೆ. ತಂಪಾದ ಒಳಕೋಣೆಯ ಕಪಾಟು ಸಾಕು. ಫ್ರಿಜ್‌ನಲ್ಲಿ ಇಟ್ಟರೆ ಹೊರತೆಗೆದಾಗ ತೇವ ಹಿಡಿಯುತ್ತದೆ. ಮುಚ್ಚಳವನ್ನು ಕೂಡಲೇ ಮುಚ್ಚಬೇಕು, ಡಬ್ಬಿ ತೆರೆದ ದಿನವನ್ನು ಅದರ ಮೇಲೆ ಬರೆಯಬೇಕು. ಇನ್ನೊಂದು ಮಾತು: ಅವರ ಓಣಿಯ ನಾಲ್ಕು ಮಂದಿ ಇವರ ಸೂಜಿ ಪೆನ್ನಿನಿಂದಲೇ ಬೆರಳು ಚುಚ್ಚಿಸಿಕೊಳ್ಳುತ್ತಿದ್ದರು. ಅದನ್ನು ಅಂದೇ ನಿಲ್ಲಿಸಿದೆ. ಸೂಜಿ ಬದಲಿಸಿದರೂ ಪೆನ್ನಿಗೆ ಅಂಟಿದ ರಕ್ತದಿಂದ ಹೆಪಟೈಟಿಸ್ ಬಿ ಹರಡಬಹುದು.

ಮೂರು ವಾರದ ಪುಸ್ತಕ ತಂದಾಗ ಉತ್ತರ ಕಾಗದದ ಮೇಲೇ ಇತ್ತು. ಸಕ್ಕರೆ ಹಾಕಿದ ಚಹಾ, ಒಂದು ತಾಟು ಮಂಡಕ್ಕಿ ಸುಸಲಾ: 146ರಿಂದ 258. ಎರಡು ಜೋಳದ ರೊಟ್ಟಿ, ಮಡಿಕಿಕಾಳು ಪಲ್ಯ: 139ರಿಂದ 182. ನಾಲ್ಕು ರೊಟ್ಟಿ ಉಂಡ ದಿನ 236. ‘ಜ್ವಾಳಕ್ಕ ಶುಗರ್ ಏರೂದಿಲ್ಲ’ ಎಂದು ನಂಬಿದ್ದ ಅವರು ಆ ಸಾಲನ್ನು ಎರಡು ಸಲ ಓದಿದರು. ನೂರು ಗ್ರಾಂ ಜೋಳದ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಶರ್ಕರಪಿಷ್ಟವೇ (ಕಾರ್ಬೋಹೈಡ್ರೇಟ್) ಎಂದು ನಾನು ಹಿಂದಿನ ಸಲ ಹೇಳಿದ್ದೆ. ಅವರಿಗೆ ನಾಟಿದ್ದು ತಮ್ಮ ಕೈಬರಹದ 236.

ಮೂರು ತಿಂಗಳಿಗೆ ಎಚ್‌ಬಿಎ1ಸಿ 7.9. ನಸುಕಿನಲ್ಲಿ ಬೆವೆತು ಏಳುವುದು ನಿಂತಿದೆ. ಮಗ ಈಗಲೂ ಒಮ್ಮೊಮ್ಮೆ ತಡೆಯಲಾರದೆ ಕೇಳುತ್ತಾನಂತೆ. ಆಗ ಅವರು ಪುಸ್ತಕದ ಪುಟದ ಫೋಟೋ ತೆಗೆಸಿ ಕಳಿಸುತ್ತಾರೆ. ಮೊನ್ನೆ ಕಳಿಸಿದ ಪುಟವನ್ನು ನನಗೂ ತೋರಿಸಿದರು. ಅದರಲ್ಲಿ ‘231’ ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ: ‘ತಂಗಿ ಮಗಳ ಕುಬಸ. ಹೋಳಿಗಿ ಎರಡು, ತುಪ್ಪ.’