ಕಕ್ಕಡದ ಗಾಳಿಗೆ ಯಾವ ಆಂಟೆನಾ?

ಪ್ರಶ್ನೆ: ಕೊಡಗಿನ ನಾಪೋಕ್ಲು ಬಳಿಯ ತೋಟದ ಮನೆಯಲ್ಲಿ ನೂರು ವಾಟಿನ ಹ್ಯಾಮ್ (ಹವ್ಯಾಸಿ) ರೇಡಿಯೊ ಇದೆ. 14 ಮೆಗಾಹರ್ಟ್ಸ್‌ನಲ್ಲಿ ಯುರೋಪಿನವರೊಡನೆ ಮಾತನಾಡಲು ದಿಕ್ಕಿನ ಆಂಟೆನಾ ಹಾಕಬೇಕೆಂದಿದ್ದೇನೆ. ಮೂರು ಎಲಿಮೆಂಟಿನ (ಅಲೆ ಹಿಡಿಯುವ ಕೊಳವೆ ಅಥವಾ ತಂತಿಯ) ಯಾಗಿ, ಎರಡು ಎಲಿಮೆಂಟಿನ ಕ್ವಾಡ್, ಮಾಕ್ಸನ್ ಎಂಬ ಆಂಟೆನಾಗಳಿಗೆ ಹತ್ತಕ್ಕೆ ಎಷ್ಟೆಷ್ಟು ಅಂಕ ಕೊಡುತ್ತೀರಿ?

ಉತ್ತರ: ಮಾಕ್ಸನ್‌ಗೆ ಎಂಟು, ಯಾಗಿಗೆ ಆರು, ಕ್ವಾಡ್‌ಗೆ ನಾಲ್ಕು. ಇದೇ ಪ್ರಶ್ನೆ, ಕಕ್ಕಡದ (ಕೊಡಗಿನ ಜುಲೈ–ಆಗಸ್ಟ್‌ನ ಮಳೆ ತಿಂಗಳು) ಗಾಳಿ ಕಾಡದ ಮೈಸೂರಿನಿಂದ ಬಂದಿದ್ದರೆ ಯಾಗಿಗೆ ಒಂಬತ್ತು ಕೊಡುತ್ತಿದ್ದೆ.

ಎಲ್ಲರೂ ಮೊದಲು ಕೇಳುವುದು ಗೇನ್, ಅಂದರೆ ಬೇಕಾದ ದಿಕ್ಕಿಗೆ ಆಂಟೆನಾ ಶಕ್ತಿಯನ್ನು ಎಷ್ಟು ಒಟ್ಟುಗೂಡಿಸುತ್ತದೆ ಎಂಬುದು; ಅದರ ಅಳತೆ ಡೆಸಿಬೆಲ್. ಯಾಗಿಗೂ ಮಾಕ್ಸನ್‌ಗೂ ಇರುವ ಅಂತರ ಹೆಚ್ಚೆಂದರೆ ಎರಡು ಡೆಸಿಬೆಲ್. ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನ ಒಂದು ಮೆಟ್ಟಿಲೇ ಆರು ಡೆಸಿಬೆಲ್; ಜರ್ಮನಿಯಲ್ಲಿ ಕುಳಿತು ಕೇಳುವವನಿಗೆ ಈ ವ್ಯತ್ಯಾಸ ತಿಳಿಯುವುದು ಅಪರೂಪ. ಅಷ್ಟಕ್ಕಾಗಿ ಹತ್ತು ಮೀಟರ್ ಉದ್ದದ ಮೂರು ಅಲ್ಯೂಮಿನಿಯಂ ಕೊಳವೆಗಳನ್ನು ಕಂಬದ ತುದಿಗೆ ಏರಿಸಬೇಕು. ಸಾಲದ್ದಕ್ಕೆ, ಯಾಗಿಯಲ್ಲಿ ಗೇನ್ ಹಿಂಡಿದಷ್ಟೂ ಇಂಪೀಡೆನ್ಸ್ (ವಿದ್ಯುತ್ ತಡೆ) ಇಳಿಯುತ್ತದೆ, ಬ್ಯಾಂಡ್ (ಕೆಲಸ ಮಾಡುವ ಆವರ್ತನಗಳ ವ್ಯಾಪ್ತಿ) ಕಿರಿದಾಗುತ್ತದೆ, 50 ಓಮ್ ಕೇಬಲಿಗೆ ಹೊಂದಿಸಲು ಬೇರೆ ಏರ್ಪಾಡು ಬೇಕಾಗುತ್ತದೆ.

ಬ್ರಿಟಿಷ್ ಹ್ಯಾಮ್ ಲೆಸ್ ಮಾಕ್ಸನ್ ಹೆಸರಿನ ಆಯತಾಕಾರದ ಆಂಟೆನಾ ಕೇಬಲಿಗೆ ನೇರವಾಗಿ ಹೊಂದುತ್ತದೆ. ತುದಿಗಳು ಒಳಕ್ಕೆ ಮಡಚಿರುವುದರಿಂದ ಅಗಲ ಏಳೂವರೆ ಮೀಟರಿನಷ್ಟೇ. ಇದರ ಹೆಚ್ಚುಗಾರಿಕೆ ಇರುವುದು ಬೆನ್ನಿನಲ್ಲಿ: ವಾಯವ್ಯಕ್ಕೆ ಮುಖ ಮಾಡಿ ಯುರೋಪನ್ನು ಕೇಳುವಾಗ ಹಿಂದಿನಿಂದ ನುಗ್ಗುವ ಇಂಡೋನೇಷ್ಯಾದ ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ. ಒಂದೇ ಎಚ್ಚರಿಕೆ, ಎದುರುಬದುರಾಗಿರುವ ತುದಿಗಳ ನಡುವಿನ ಅಂತರ ಗಾಳಿಗೆ ಬದಲಾಗಬಾರದು. ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿ.

ಕ್ವಾಡ್ ಹುಟ್ಟಿದ್ದು ಬೆಟ್ಟದೂರಿನಲ್ಲೇ. ಈಕ್ವೆಡಾರಿನ ಕ್ವಿಟೊದ ಬಾನುಲಿ ಕೇಂದ್ರದಲ್ಲಿ, 2,800 ಮೀಟರ್ ಎತ್ತರದ ತೆಳು ಗಾಳಿಗೆ ಎಲಿಮೆಂಟಿನ ತುದಿಗಳಿಂದ ಕಿಡಿ ಹಾರುತ್ತಿತ್ತು. ತುದಿಯೇ ಇಲ್ಲದ, ಚೌಕಾಕಾರದ ತಂತಿಬಳೆ ಅದಕ್ಕೆ ಪರಿಹಾರವಾಯಿತು; ಅದೇ ಕ್ವಾಡ್. ನೂರು ವಾಟಿನ ನಿಮಗೆ ಆ ತೊಂದರೆ ಇಲ್ಲ. ಐದು ಮೀಟರ್ ಬಾಹುವಿನ ತಂತಿಚೌಕ ಕಕ್ಕಡದ ಗಾಳಿಯಲ್ಲಿ ಸಿಲ್ವರ್ ಓಕ್ ಕೊಂಬೆಗೆ ಸಿಕ್ಕಿದರೆ ಬಿಡಿಸಲು ಹತ್ತುವವರು ಯಾರು?

ಉಳಿದ ಹಣವನ್ನು ಎತ್ತರಕ್ಕೆ ಹಾಕಿ. 10 ಮೀಟರಿನಿಂದ 15ಕ್ಕೆ ಏರಿಸಿದರೆ ಅಲೆ ಹೊರಡುವ ಕೋನ ಸುಮಾರು 30 ಡಿಗ್ರಿಯಿಂದ 20ಕ್ಕೆ ಇಳಿಯುತ್ತದೆ. ದೂರದೇಶಕ್ಕೆ ಇದು ಎರಡು ಡೆಸಿಬೆಲ್‌ಗಿಂತ ದೊಡ್ಡ ಲಾಭ. ಕೆಲಸವನ್ನು ಮರಗಸಿಯ (ತೋಟದ ನೆರಳುಮರಗಳ ಕೊಂಬೆ ಸವರುವ) ಸಮಯದಲ್ಲೇ ಮುಗಿಸಿಕೊಳ್ಳಿ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿದರೆ ಏನಾಗುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಆಂಟೆನಾ ಕೊಳವೆಯೂ ಹಾಗೆಯೇ.

ಪ್ರಶ್ನೆ: ಅಟ್ಟದಲ್ಲಿ ಹಳೆಯ ಟಿವಿ ಆಂಟೆನಾ ಇದೆ. 145 ಮೆಗಾಹರ್ಟ್ಸ್‌ಗೆ ಆದೀತೇ?

ಉತ್ತರ: ಇದ್ದ ಹಾಗೆ ಆಗದು. ನಿಮಗೆ ಬೇಕಾದ ಎಲಿಮೆಂಟಿನ ಉದ್ದ ಒಂದು ಮೀಟರಿನ ಆಸುಪಾಸು. ನಿಮ್ಮಲ್ಲಿರುವುದು ಅದಕ್ಕಿಂತ ಉದ್ದವಿದ್ದರೆ ಅಳೆದು ಕತ್ತರಿಸಿ, ಗಿಡ್ಡವಿದ್ದರೆ ಗುಜರಿಗೆ ಹಾಕಿ. ರಿಪೀಟರ್ (ಸಿಗ್ನಲನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಬಳಸುವುದಾದರೆ ಎಲಿಮೆಂಟುಗಳನ್ನು ನೆಟ್ಟಗೆ ನಿಲ್ಲಿಸಿ, ಟಿವಿಗೆ ಕಟ್ಟಿದಂತೆ ಅಡ್ಡಕ್ಕಲ್ಲ.