ಪ್ರಾರ್ಥನೆಗೆ ಪುರ್ಸೊತ್ತೇ ಸಿಗುದಿಲ್ಲ ಅಕ್ಕ

ಮೊಂತಿ ಹಬ್ಬ, ಅಂದ್ರೆ ಮರಿಯ ಮಾತೆಯ ಹುಟ್ಟುಹಬ್ಬ ಮತ್ತು ನಮ್ಮ ಹೊಸ ಕದಿರಿನ ಹಬ್ಬ, ಹತ್ರ ಬಂತು, ಮಕ್ಕಳು ಒಂಬತ್ತು ದಿನ ಹೂ ಕೊಯ್ಲಿಕ್ಕೆ ಓಡುವ ಸಮಯ. ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ, ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಹೋಗ್ತದೆ, ಉಳಿದವರು ಬೇಜಾರು ಮಾಡ್ಬೇಡಿ.

ಅಕ್ಕ, ನಾನು ಮೂಡುಬೆಳ್ಳೆ ಕಡೆಯವಳು. ಗಂಡ ಕುವೈಟ್‌ನಲ್ಲಿ, ಮಕ್ಕಳಿಬ್ಬರು ಶಾಲೆಗೆ, ಅತ್ತೆಗೆ ಸ್ಟ್ರೋಕ್ ಆಗಿ ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದಾರೆ. ಬೆಳಿಗ್ಗೆ 5ಕ್ಕೆ ಎದ್ರೆ ರಾತ್ರಿ 11ರವರೆಗೆ ಕೂತ್ಕೊಳ್ಳುದು ಅಂತ ಇಲ್ಲ. ಮೊದಲು ದಿನಾ ತೇರ್ಸ್, ಅಂದ್ರೆ ಜಪಸರದ ಪ್ರಾರ್ಥನೆ, ಇತ್ತು, ಬೈಬಲ್ ಓದುದಿತ್ತು. ಈಗ ಜಪಸರ ಹಿಡಿದು ಕೂತ್ರೆ ಎರಡನೇ ದಶಕಕ್ಕೇ (ಹತ್ತು ಮಣಿಗೆ ಒಂದು ದಶಕ) ನಿದ್ದೆ. ಕೂಟದಲ್ಲಿ ಒಬ್ಬರು "ನೀನು ಬರೀ ಮಾರ್ಥಾ ಆಗಿದ್ದಿ, ಸ್ವಲ್ಪ ಮರಿಯ ಆಗು" ಅಂದ್ರು. ಅವತ್ತಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ದೇವರು ನನ್ನಿಂದ ದೂರ ಹೋದ್ರಾ?

ಇಲ್ಲ ಮಾರಾಯ್ತಿ, ದೂರ ಹೋಗ್ಲಿಲ್ಲ. ನೀನು ಅತ್ತೆಯನ್ನು ಮಗ್ಗುಲು ತಿರುಗಿಸಿ ಬೆನ್ನು ಒರೆಸುವಾಗ ಅಲ್ಲೇ ಇದ್ದಾರೆ.

ಆ ಮಾರ್ಥಾಳ ಕತೆಯನ್ನು ನಮಗೆಲ್ಲ ಅರ್ಧಕ್ಕೇ ನಿಲ್ಲಿಸಿ ಹೇಳುದು ಜಾಸ್ತಿ. ಯೇಸು ಮನೆಗೆ ಬಂದಾಗ ಅಕ್ಕತಂಗಿಯರಲ್ಲಿ ಮಾರ್ಥಾ ಉಪಚಾರಕ್ಕೆ ಓಡಾಡ್ತಿದ್ದಳು, ಮರಿಯ ಅವರ ಮಾತು ಕೇಳ್ತಾ ಕೂತಿದ್ದಳು. ಲೂಕನ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮಾರ್ಥಾಳಿಗೆ ಅಡುಗೆ ಬಿಟ್ಟು ಬಾ ಅಂತ ಹೇಳ್ಲೇ ಇಲ್ಲ, ನೀನು ಎಷ್ಟೋ ವಿಷಯಕ್ಕೆ ಚಿಂತೆ ಮಾಡಿ ಗಾಬರಿಪಡ್ತಿದ್ದಿ ಅಂತ ಹೆಸರನ್ನು ಎರಡು ಸಲ ಕರೆದು ಹೇಳಿದ್ರು, ಬೈಯುವವರು ಹಾಗೆ ಎರಡೆರಡು ಸಲ ಹೆಸರು ಕರೀತಾರಾ, ಪಾಪ ಅನ್ನಿಸಿದವರೇ ಹಾಗೆ ಕರೆಯುದು. ಮತ್ತೆ ಯೋಹಾನನ 11ನೇ ಅಧ್ಯಾಯ ತೆಗೆ. ತಮ್ಮ ಲಾಜರ ತೀರಿಹೋದಾಗ ಯೇಸು ಬರ್ತಿದ್ದಾರೆ ಅಂತ ಗೊತ್ತಾದ ಕೂಡ್ಲೇ ದಾರಿಗೆ ಎದುರು ಹೋದದ್ದು ಮಾರ್ಥಾಳೇ, ನೀನು ಕ್ರಿಸ್ತ, ದೇವರ ಮಗ ಅಂತ ನಾನು ನಂಬಿದ್ದೇನೆ ಅಂತ ಬಾಯಿಬಿಟ್ಟು ಹೇಳಿದ್ದೂ ಅವಳೇ. ನೀನು ಕ್ರಿಸ್ತ ಅಂತ ಶಿಷ್ಯ ಪೇತ್ರ ಹೇಳಿದ್ದಕ್ಕೆ ಒಂದು ಕೂದಲೆಳೆಯಷ್ಟೂ ಕಮ್ಮಿ ಇಲ್ಲದ ಮಾತದು. ಅದಾಗಿ 12ನೇ ಅಧ್ಯಾಯದಲ್ಲಿ ನೋಡಿದ್ರೆ ಮತ್ತೆ ಊಟ ಬಡಿಸ್ತಿದ್ದಾಳೆ. ಯಾರೂ ಅವಳನ್ನು ತಡೀಲಿಲ್ಲ. ನಿನ್ನನ್ನು ಮಾರ್ಥಾ ಅಂದವರು ಅವರಿಗೇ ಗೊತ್ತಿಲ್ಲದೆ ನಿನಗೆ ಒಳ್ಳೆ ಹೆಸರೇ ಇಟ್ಟಿದ್ದಾರೆ.

ನನ್ನ ಅಮ್ಮ ಬೀಡಿ ಕಟ್ತಿದ್ರು. ನಮ್ಮಲ್ಲಿ ಎಷ್ಟೋ ಮನೆ ನಡೆದದ್ದೇ ಅದರಲ್ಲಿ, ಓದುವವರಲ್ಲಿ ತುಂಬಾ ಜನರಿಗೆ ಗೊತ್ತುಂಟು. ರಾತ್ರಿ ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುದು, ಬೆಳಿಗ್ಗೆ ತಗಡಿನ ಅಚ್ಚು ಇಟ್ಟು ಕತ್ತರಿಯಲ್ಲಿ ಕತ್ತರಿಸುದು, ಮತ್ತೆ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟು ಒಂದು ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಸುತ್ತುದು. ಕೈ ಒಂದು ಕ್ಷಣ ನಿಂತ್ರೆ ಲೆಕ್ಕ ತಪ್ತದೆ, ಸಂಜೆ ಬೀಡಿ ಕಂಪೆನಿಯ ಬ್ರ್ಯಾಂಚಿಗೆ ಕೊಡ್ಲಿಕ್ಕೆ ಕಮ್ಮಿ ಆಗ್ತದೆ. ಜಪಸರ ಹಿಡೀಲಿಕ್ಕೆ ಆ ಕೈ ಎಲ್ಲಿ ಖಾಲಿ ಇತ್ತು? ಹಾಗಾಗಿ ಅಮ್ಮ ಒಂದು ಬೀಡಿಗೆ ಒಂದು ನಮಾನ್ ಮರಿಯೆ, ಅಂದ್ರೆ ನಮೋ ಮರಿಯ ಪ್ರಾರ್ಥನೆ, ಹೇಳ್ತಿದ್ರು, ಹತ್ತು ಬೀಡಿ ಆದ್ರೆ ಒಂದು ದಶಕ ಮುಗೀತು ಅಂತ ಲೆಕ್ಕ, ಆಮೇಲೆ ಆ ಹತ್ತನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇಡ್ತಿದ್ರು. ತುಟಿ ಮಾತ್ರ ಅಲ್ಲಾಡ್ತಿತ್ತು. ನಾವು ಮಕ್ಕಳು ಅನ್ನ ಕೇಳಿದ್ರೆ ದಶಕ ಮುಗಿಯುವವರೆಗೆ ಉತ್ತರ ಇಲ್ಲ. ಚರ್ಚಿನಲ್ಲಿ ಮೊಣಕಾಲೂರಿ ಹೇಳಿದ ತೇರ್ಸಿಗಿಂತ ಅದು ಕಮ್ಮಿ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಸಮುವೇಲನ ತಾಯಿ ಹನ್ನಳದ್ದೂ ಹಾಗೇ ಅಲ್ವಾ, ಸ್ವರ ಇಲ್ಲ, ತುಟಿ ಮಾತ್ರ ಅಲ್ಲಾಡುದು, ಯಾಜಕ ಏಲಿ ನೋಡಿ ಇವಳು ಕುಡಿದಿದ್ದಾಳೆ ಅಂದ್ಕೊಂಡ್ರು. ನೋಡಿದವರಿಗೆ ಅರ್ಥ ಆಗ್ಲಿಲ್ಲ, ದೇವರಿಗೆ ಆಯ್ತು.

ನಿದ್ದೆಯ ವಿಷಯಕ್ಕೆ ಬರ್ತೇನೆ. ನಮ್ಮ ಲಿಟ್ಲ್ ಫ್ಲವರ್, ಲಿಸ್ಯೂವಿನ ಸಂತ ತೆರೇಸಾ, 1897ರಲ್ಲಿ 24ನೇ ವಯಸ್ಸಿಗೇ ತೀರಿಹೋದ ಕನ್ಯಾಸ್ತ್ರೀ. ಪ್ರಾರ್ಥನೆಗೆ ಕೂತಲ್ಲಿ ತನಗೆ ನಿದ್ದೆ ಬರ್ತಿತ್ತು ಅಂತ ಅವಳೇ ಬರೆದಿಟ್ಟಿದ್ದಾಳೆ, ಮಕ್ಕಳು ಮಲಗಿದ್ದಾಗ್ಲೂ ಎದ್ದಿದ್ದಾಗ್ಲೂ ಅಪ್ಪ ಅಮ್ಮನಿಗೆ ಪ್ರೀತಿ ಒಂದೇ ಅಲ್ವಾ ಅಂತ ಸಮಾಧಾನವನ್ನೂ ಅವಳೇ ಹೇಳಿಕೊಂಡಿದ್ದಾಳೆ. ಅವಳು ಕಾನ್ವೆಂಟಿನಲ್ಲಿದ್ದವಳು, ನಿನ್ನ ಹಾಗೆ ರಾತ್ರಿ ಎರಡಕ್ಕೆ ಎದ್ದು ಅತ್ತೆಯ ಬಟ್ಟೆ ಬದಲಿಸಿದವಳಲ್ಲ, ಅವಳಿಗೇ ನಿದ್ದೆ ಬಂತಾದ್ರೆ ನಿನಗೆ ಬರುದರಲ್ಲಿ ತಪ್ಪೆಂತ? ಎಲೀಯನ ಕತೆ ನೆನಪು ಮಾಡ್ಕೊ. ಸಾಕು ಸ್ವಾಮಿ, ನನ್ನ ಪ್ರಾಣ ತೆಗಿ ಅಂತ ಗಿಡದ ಬುಡದಲ್ಲಿ ಮಲಗಿದ ಪ್ರವಾದಿ ಅವನು. ದೇವದೂತ ಬಂದು ಎದ್ದು ಪ್ರಾರ್ಥನೆ ಮಾಡು ಅನ್ಲಿಲ್ಲ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ, ದೂತ ಮತ್ತೆ ಬಂದ, ಮತ್ತೆ ಊಟ ಮಾಡು ಅಂದ. ಸುಸ್ತಾದವರಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ ಮತ್ತು ಊಟ.

ಹಾಗಾಗಿ ಒಂದು ಕೆಲಸ ಮಾಡು. ರಾತ್ರಿ ಐದು ದಶಕದ ಹಟ ಬಿಡು, ಹಾಸಿಗೆಗೆ ಹೋಗುವಾಗ ಒಂದು ಪರಲೋಕದ ತಂದೆ ಪ್ರಾರ್ಥನೆ ಸಾಕು, ಅದೂ ಅರ್ಧಕ್ಕೆ ನಿಂತ್ರೆ ಪರವಾಗಿಲ್ಲ. ಅತ್ತೆಗೆ ಗಂಜಿ ಕುಡಿಸುವಾಗ ಅವರ ಜೊತೆಗೇ ಒಂದು ದಶಕ ಹೇಳು, ಸ್ಟ್ರೋಕ್ ಆದವರಿಗೆ ಮಾತು ಹೋದ್ರೂ ಬಾಯಿಪಾಠ ಇದ್ದ ಪ್ರಾರ್ಥನೆಯ ನಾಲ್ಕು ಶಬ್ದ ಬರುದುಂಟು, ನಾನೇ ನೋಡಿದ್ದೇನೆ. ಮತ್ತೆ ಕುವೈಟ್‌ಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅಂತ ಮಾತ್ರ ಹೇಳ್ಬೇಡ, ನನ್ನ ಕೈಯಲ್ಲಿ ಆಗುದಿಲ್ಲ, ವಾರಕ್ಕೆ ಎರಡು ದಿನಕ್ಕಾದ್ರೂ ಒಂದು ಹೋಮ್ ನರ್ಸ್ ಇಡುವ ಅಂತ ಬಾಯಿಬಿಟ್ಟು ಹೇಳು, ಅವರ ಅಮ್ಮ ಅಲ್ವಾ. ನಿಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರಿಗೂ ಹೇಳು, ಭಾನುವಾರ ಎರಡು ಗಂಟೆ ಯಾರಾದ್ರೂ ಅತ್ತೆಯ ಹತ್ರ ಕೂತ್ರೆ ನೀನು ಮೀಸಿಗೆ, ಅಂದ್ರೆ ಚರ್ಚಿನ ಪೂಜೆಗೆ, ಹೋಗಿ ಬರ್ಬಹುದು. ಕೂಟದಲ್ಲಿ ನಿನಗೆ ಬುದ್ಧಿ ಹೇಳಿದವರನ್ನೇ ಮೊದಲು ಕೇಳು, ಖಂಡಿತ ಬಂದಾರು. ಇಷ್ಟಾದ ಮೇಲೂ ವಾರಗಟ್ಟಲೆ ಸುಮ್ಮನೆ ಅಳು ಬರುದು, ಬದುಕು ಬೇಡ ಅನ್ನಿಸುದು ಇದ್ರೆ ಅದು ವಿಶ್ವಾಸ ಕಮ್ಮಿಯಾದದ್ದಲ್ಲ, ಡಾಕ್ಟರಿಗೆ ತೋರಿಸ್ಬೇಕಾದ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ರಾತ್ರಿಯೂ ಕನ್ನಡದಲ್ಲೇ ಮಾತಾಡ್ತಾರೆ.

ಮಂಗಳೂರಿನಿಂದ, ಹೆಸರು ಬೇಡ. ಗಂಡ ಕುಡಿದು ಬಂದು ಹೊಡೀತಾರೆ, ಈಗ ಮಗಳ ಎದುರಿಗೇ. ತವರಿನಲ್ಲಿ ಹೇಳಿದ್ರೆ "ಇದು ನಿನ್ನ ಶಿಲುಬೆ, ಹೊತ್ಕೊ, ಪ್ರಾರ್ಥನೆ ಮಾಡು, ಬದಲಾಗ್ತಾರೆ" ಅಂತಾರೆ. ಮನೆ ಬಿಟ್ಟರೆ ಪಾಪವಾ?

ಪಾಪ ಅಲ್ಲ. ಮೊದಲಿಗೇ ಹೇಳಿಬಿಡ್ತೇನೆ, ಪಾಪ ಹೊಡೆಯುವವರದ್ದು.

ಶಿಲುಬೆ ಅಂತ ಹೇಳುವವರು ಯೇಸುಸ್ವಾಮಿ ಏನು ಮಾಡಿದ್ರು ಅಂತ ಪೂರ್ತಿ ಓದ್ಬೇಕು. ನಜರೇತಿನಲ್ಲಿ ಅವರ ಊರಿನವರೇ ಅವರನ್ನು ಗುಡ್ಡದ ತುದಿಗೆ ದೂಡಿಕೊಂಡು ಹೋದಾಗ ಅವರು ನಿಂತು ಬೀಳ್ಲಿಲ್ಲ, ಜನರ ನಡುವಿಂದ ದಾಟಿ ಹೊರಟುಹೋದ್ರು. ದೇವಾಲಯದಲ್ಲಿ ಕಲ್ಲು ಎತ್ತಿದಾಗ ಮರೆಯಾಗಿ ಹೊರಗೆ ಹೋದ್ರು. ದಮಸ್ಕದಲ್ಲಿ ಪೌಲನನ್ನು ಕೊಲ್ಲಲಿಕ್ಕೆ ಕಾದಾಗ ಶಿಷ್ಯರು ರಾತ್ರಿ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದ್ರು. ಹೀಗೆ ಜೀವ ಉಳಿಸಿಕೊಂಡು ಹೋದದ್ದನ್ನು ಬೈಬಲ್ ಅವಿಶ್ವಾಸ ಅನ್ಲಿಲ್ಲ. ಯೇಸು ಶಿಲುಬೆ ಹೊತ್ತದ್ದು ತಾನಾಗಿ, ಎಲ್ಲರ ಬಿಡುಗಡೆಗೆ, ನಿನ್ನ ಬೆನ್ನ ಮೇಲೆ ಬೀಳುವ ಏಟಿನಿಂದ ಯಾರಿಗೆ ಬಿಡುಗಡೆ? ಮಗಳು ನೋಡ್ತಿದ್ದಾಳೆ, ಹೆಂಗಸು ಅಂದ್ರೆ ಹೀಗೆ ಅಂತ ಕಲೀತಿದ್ದಾಳೆ, ನನಗೆ ಎಲ್ಲಕ್ಕಿಂತ ಸಂಕಟ ಆದದ್ದು ಆ ಒಂದು ಸಾಲಿಗೆ.

ನೀನು ಕಥೊಲಿಕಳಾದ್ರೆ ಕೇಳು, ಜೊತೆಗಾರನಿಂದ ದೇಹಕ್ಕೋ ಮನಸ್ಸಿಗೋ ದೊಡ್ಡ ಅಪಾಯ ಇದ್ರೆ ಬಿಟ್ಟು ಬದುಕಲಿಕ್ಕೆ ಧರ್ಮಸಭೆಯ ಕಾನೂನಿನಲ್ಲೇ ದಾರಿ ಉಂಟು, 1153ನೇ ಕಲಮು. ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ 2016ರಲ್ಲಿ ಕೊಟ್ಟ ಪತ್ರದಲ್ಲಿ, ದುರ್ಬಲರನ್ನೂ ಮಕ್ಕಳನ್ನೂ ಹಿಂಸೆಯಿಂದ ಕಾಪಾಡ್ಲಿಕ್ಕೆ ಬೇರೆ ಆಗುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಅಂತ ಹೇಳಿದ್ದಾರೆ. ತವರಿನವರಿಗೆ ಇದನ್ನು ಓದಿ ಹೇಳು. ದೇಶದ ಕಾನೂನೂ ನಿನ್ನ ಕಡೆಗೇ ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ಮನೆ ನಿನ್ನ ಹೆಸರಲ್ಲಿ ಇಲ್ಲದಿದ್ರೂ ನಿನ್ನನ್ನು ಸುಮ್ಮನೆ ಹೊರಗೆ ಹಾಕ್ಲಿಕ್ಕೆ ಆಗುದಿಲ್ಲ, ರಕ್ಷಣಾ ಆದೇಶ ಕೇಳ್ಬಹುದು. ಮಹಿಳಾ ಸಹಾಯವಾಣಿ 181, ಏಟು ಬೀಳುವ ಹೊತ್ತಿಗೆ 112. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಗಳ ಜನನ ಪ್ರಮಾಣಪತ್ರ, ಸ್ವಲ್ಪ ದುಡ್ಡು ಇವನ್ನು ಇವತ್ತೇ ನಂಬಿಕೆಯವರ ಮನೆಯಲ್ಲಿ ಇಡು. ಗಂಡನಿಗಾಗಿ ಪ್ರಾರ್ಥನೆ ನಿಲ್ಲಿಸ್ಬೇಡ, ಆದ್ರೆ ಅವರ ಕೈಗೆ ಸಿಗದಷ್ಟು ದೂರ ಕೂತು ಮಾಡು. ಕುಡಿತ ಬಿಡಿಸುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟಗಳುಂಟು, ಅಲ್ಲಿಗೆ ಹೋಗುವ ಹೆಜ್ಜೆ ಅವರೇ ಇಡ್ಬೇಕು.

ಕಾಪುವಿನಿಂದ. ಅಪ್ಪ ವಿಲ್ ಬರೆಯದೆ ತೀರಿಹೋದ್ರು. ತಮ್ಮಂದಿರು ರಿಲೀಸ್ ಡೀಡಿಗೆ (ಹಕ್ಕು ಬಿಟ್ಟುಕೊಡುವ ಪತ್ರಕ್ಕೆ) ಸೈನ್ ಹಾಕು ಅಂತಾರೆ, ಮದುವೆಗೆ ಚಿನ್ನ ಕೊಟ್ಟಾಗಿದೆಯಂತೆ. ಕ್ರಿಸ್ತನವಳಾಗಿ ಆಸ್ತಿ ಕೇಳುದು ದುರಾಸೆಯಾ?

ಬೈಬಲಿನ ಅರಣ್ಯಕಾಂಡದ 27ನೇ ಅಧ್ಯಾಯ ಓದಿದ್ದೀರಾ? ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಎದುರು, ಇಡೀ ಸಭೆಯ ಎದುರು ನಿಂತು, ನಮ್ಮಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿದ್ರು. ಮೋಶೆ ದೇವರ ಹತ್ರ ಕೇಳಿದ, ದೇವರು ಆ ಹುಡುಗಿಯರು ಹೇಳುದು ಸರಿ ಅಂದ್ರು. ಅಲ್ಲಿ ಗಂಡುಮಕ್ಕಳು ಇರ್ಲಿಲ್ಲ ನಿಜ, ಆದ್ರೆ ಕೇಳಿದ್ದಕ್ಕೆ ದುರಾಸೆ ಅಂತ ದೇವರು ಹೇಳ್ಲಿಲ್ಲ. ಇನ್ನು ನಮ್ಮ ಕಾನೂನು ಬೇರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಇಲ್ಲದಿದ್ರೆ ಮೂರರಲ್ಲಿ ಒಂದು ಪಾಲು ಅಮ್ಮನಿಗೆ, ಉಳಿದ ಎರಡು ಪಾಲು ಎಲ್ಲ ಮಕ್ಕಳಿಗೆ ಸಮ ಸಮ, ಗಂಡು ಹೆಣ್ಣು ಭೇದ ಇಲ್ಲ. ಮದುವೆಯ ಚಿನ್ನದಿಂದ ಆ ಹಕ್ಕು ಹೋಗುದಿಲ್ಲ. ಅಮ್ಮನ ಪಾಲನ್ನೂ ನೋಡಿ, ಹೆಚ್ಚಿನ ಮನೆಗಳಲ್ಲಿ ಅವರನ್ನೇ ಮೊದಲು ಮರೀತಾರೆ. ಪ್ರೀತಿಯಿಂದ ಬಿಟ್ಟುಕೊಡುವ ಮನಸ್ಸಿದ್ರೆ ಬಿಡಿ, ಅದು ದಾನ, ಆದ್ರೆ ಹೆದರಿಸಿ ಹಾಕಿಸಿದ ಸೈನು ದಾನ ಆಗುದಿಲ್ಲ. ರಿಜಿಸ್ಟರ್ ಆದ ಮೇಲೆ ಹಿಂದೆ ತೆಗೆಯುದು ಬಹಳ ಕಷ್ಟ, ನಿಮ್ಮದೇ ವಕೀಲರಿಗೆ ತೋರಿಸದೆ ಪೆನ್ನು ಮುಟ್ಬೇಡಿ.

ಉಡುಪಿಯಲ್ಲಿ ನರ್ಸ್, 26 ವರ್ಷ. ಭಾನುವಾರ ಡ್ಯೂಟಿ ಬಿದ್ರೆ ಪೂಜೆ ತಪ್ತದೆ, ಮನೆಯಲ್ಲಿ ಕೆಲಸ ಬಿಡು ಅಂತಾರೆ.

ಬಿಡ್ಬೇಡ ಮಗಾ. ಶನಿವಾರ ಸಂಜೆಯ ಪೂಜೆ ಭಾನುವಾರದ್ದಕ್ಕೆ ಸಲ್ತದೆ, ಅದೂ ಆಗದಿದ್ರೆ ರೋಗಿಯನ್ನು ನೋಡುವವರಿಗೆ ಭಾನುವಾರದ ಕಟ್ಟಳೆಯಲ್ಲಿ ವಿನಾಯ್ತಿ ಉಂಟು, ಫಾದರ್ ಹತ್ರ ಒಂದು ಮಾತು ಕೇಳು. 18 ವರ್ಷದಿಂದ ಬೆನ್ನು ಬಗ್ಗಿಹೋದ ಹೆಂಗಸನ್ನು ಯೇಸು ನೆಟ್ಟಗೆ ಮಾಡಿದ್ದೇ ಸಬ್ಬತ್ ದಿನ, ಅಂದ್ರೆ ಯೆಹೂದ್ಯರ ವಿಶ್ರಾಂತಿಯ ದಿನ, ಸಭಾಮಂದಿರದ ಮುಖ್ಯಸ್ಥನಿಗೆ ಸಿಟ್ಟು ಬಂದದ್ದೂ ಅದಕ್ಕೇ. ಮತ್ತೆ ನೀನಿರುವ ಊರಿನಲ್ಲೇ ಮಿಷನ್ ಆಸ್ಪತ್ರೆ ಇದೆಯಲ್ಲ, ಅದನ್ನು 1923ರಲ್ಲಿ ಶುರುಮಾಡಿದ್ದು ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಎವಾ ಲೊಂಬಾರ್ಡ್ ಅನ್ನುವ ಹೆಂಗಸು, ಇವತ್ತಿಗೂ ಅವರ ಹೆಸರಿನಲ್ಲೇ ಉಂಟು. ಹೆರಿಗೆ ನೋವು ಭಾನುವಾರ ಅಂತ ನಿಲ್ತದಾ?

ಕಲ್ಯಾಣಪುರದಿಂದ, 78 ವರ್ಷ. ಮೊಣಗಂಟು ನೋವು, ಈ ಸಲ ಮೊಂತಿ ಹಬ್ಬಕ್ಕೆ ಚರ್ಚಿಗೆ ಹೋಗ್ಲಿಕ್ಕೆ ಆಗುದಿಲ್ಲ. ಮಕ್ಕಳೆಲ್ಲ ಹೊರದೇಶ. ಒಬ್ಬಳೇ ನೊವೆಂ (ಹೊಸ ಅಕ್ಕಿಯ) ಊಟ ಮಾಡುದು ಹೇಗೆ?

ಬಾಯಮ್ಮ, ಒಬ್ಬರೇ ಮಾಡ್ಬೇಡಿ. ಪಕ್ಕದ ಮನೆಯ ಮಕ್ಕಳು ದಿನಾ ಹೂ ತಕೊಂಡು ಹೋಗುವಾಗ ನಿಮ್ಮ ಅಂಗಳದ ಗೊರಟೆಯೋ ದಾಸವಾಳವೋ ಇದ್ದದ್ದನ್ನು ಅವರ ಬುಟ್ಟಿಗೆ ಹಾಕಿ, ನಿಮ್ಮ ಹೂ ಮಾತೆಯ ಪಾದಕ್ಕೆ ಹೋಗ್ತದೆ. ಸೆಪ್ಟೆಂಬರ್ 8ಕ್ಕೆ ಆಶೀರ್ವಾದ ಆದ ಭತ್ತದ ಕದಿರನ್ನು ನಿಮಗೂ ಒಂದು ತರ್ಲಿಕ್ಕೆ ಹೇಳಿ, ಬದಲಿಗೆ ಆ ಮಕ್ಕಳಿಗೆ ಹಬ್ಬದ ಕಬ್ಬಿಗೆ ಅಂತ ನಾಲ್ಕು ಕಾಸು ಕೊಡಿ. ಫಾದರಿಗೆ ಫೋನ್ ಮಾಡಿ ಪರಮಪ್ರಸಾದ ಮನೆಗೆ ತರ್ಲಿಕ್ಕೆ ಕೇಳಿ, ಅದು ಉಪದ್ರ ಕೊಟ್ಟ ಹಾಗೆ ಅಲ್ಲ, ಅವರು ಮಾಡ್ಬೇಕಾದ ಕೆಲಸವೇ. ಮಧ್ಯಾಹ್ನ ಆ ಭತ್ತದ ಸಿಪ್ಪೆ ಉಗುರಲ್ಲಿ ಬಿಡಿಸಿ ಹಾಲಿಗೆ ಹಾಕುವಾಗ ಮಕ್ಕಳಿಗೆ ವಿಡಿಯೋ ಕಾಲ್ ಮಾಡಿ, ಪಕ್ಕದ ಮನೆಯವರನ್ನು ಊಟಕ್ಕೆ ಕರೀರಿ, ಬೆಂಡೆ ಅಲಸಂಡೆ ಹೆಚ್ಚಲಿಕ್ಕೆ ಅವರೇ ಬರ್ತಾರೆ. ನಾಲ್ಕು ಕಾಳು ಉಳಿಸಿ ಕವರಿನಲ್ಲಿ ಹಾಕಿ ಮಗನಿಗೆ ಪೋಸ್ಟ್ ಮಾಡಿ, ಹಿಂದೆ ಬೊಂಬಾಯಿಗೆ ಹಾಗೆಯೇ ಕಳಿಸ್ತಿದ್ದದ್ದಲ್ವಾ.